ಸುತ್ತಣ್ಣನ ಹೆಂಡತಿ ನಡು ಅಂಗಳದಲ್ಲಿ ಲಾರಿ ನಿಲ್ಲಿಸಿದ್ದು

ಒಂದೇ ಮನೆಯಲ್ಲಿ ಗಂಡನ ಜೊತೆ ಬಾಳುವುದು ಬೇರೆ, ಒಂದೇ ಲಾರಿಯ ಕ್ಯಾಬಿನ್ನಿನಲ್ಲಿ ಬಾಳುವುದು ಬೇರೆ. ಮನೆಯಲ್ಲಾದರೆ ಸಿಟ್ಟು ಬಂದಾಗ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಬಹುದು. ಬಾಗಿಲು ದಢಾರನೆ ಹಾಕಿಕೊಳ್ಳಬಹುದು. ಪಕ್ಕದ ಮನೆಯವಳ ಹತ್ತಿರ ಹೋಗಿ ಗೋಳು ತೋಡಿಕೊಂಡು ಬರಬಹುದು. ಕ್ಯಾಬಿನ್ನಿನಲ್ಲಿ ಇರುವುದು ಎರಡು ಸೀಟು, ಹಿಂದೆ ಮಲಗಲು ಒಂದರ ಮೇಲೊಂದು ಎರಡು ಹಲಗೆ, ಎದುರಿಗೆ ಗಾಜು. ಸಿಟ್ಟು ಬಂದರೆ ಗೇರು ಬದಲಾಯಿಸುವಾಗ ಒಂದಿಷ್ಟು ಜೋರಾಗಿ ಎಳೆಯಬಹುದು, ಅಷ್ಟೇ. ಅದಕ್ಕೂ ಪಕ್ಕದ ಸೀಟಿನಿಂದ ಮಾತು ಬರುತ್ತದೆ: "ಗೇರು ಏನು ಪಾಪ ಮಾಡಿದೆ ಕಣೇ?"

ಅಂಥ ಕ್ಯಾಬಿನ್ನಿನಲ್ಲಿ ಸ್ಟೇರಿಂಗ್ ಹಿಡಿದು ಕೂರುತ್ತಿದ್ದವಳನ್ನು ಹೆದ್ದಾರಿಯ ಚಾಲಕರೆಲ್ಲ ಅತ್ತಿಗೆ ಎಂದು ಕರೆಯುತ್ತಿದ್ದರು. ಅವಳ ಗಂಡ ಅವರಿಗೆಲ್ಲ ಅಣ್ಣ. ಹಾಗಾಗಿ ಇವಳು ಅತ್ತಿಗೆ. ಅಣ್ಣ ಎಂದರೆ ಬರೀ ಅಣ್ಣನೂ ಅಲ್ಲ, ಸುತ್ತಣ್ಣ. ಲಾರಿ ನಿಲ್ದಾಣದ ಗೇಟು ದಾಟಿದ ಮೇಲೆ, ನಿಲ್ಲಿಸಲು ಜಾಗ ಹುಡುಕುತ್ತಾ ಈ ಮನುಷ್ಯ ಹಾಕಿಸುವ ಸುತ್ತುಗಳನ್ನು ನೋಡಿ, ಯಾವನೋ ಪುಣ್ಯಾತ್ಮ ಕ್ಯಾಂಟೀನಿನಲ್ಲಿ ಕೂತು ಇಟ್ಟ ಹೆಸರು. ಹೆಸರಿಟ್ಟವನ ಬಾಯಿಗೆ ಸಕ್ಕರೆ ಹಾಕಬೇಕು ಎಂದು ಅತ್ತಿಗೆಗೆ ಅನಿಸಿತ್ತು.

ಮದುವೆಗೆ ಮುಂಚೆ ಅವಳು ಒಂದು ದೊಡ್ಡ ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸುತ್ತಿದ್ದಳು. ಸುತ್ತಣ್ಣ ಅಲ್ಲಿಗೆ ಸರಕು ತುಂಬಿಸಿಕೊಳ್ಳಲು ಬರುತ್ತಿದ್ದ ಚಾಲಕ. ಆಗ ಅವನಿಗೆ ಆ ಅಡ್ಡಹೆಸರೂ ಇರಲಿಲ್ಲ, ಆ ಬುದ್ಧಿಯೂ ಇರಲಿಲ್ಲ. ಲಾರಿಯನ್ನು ಒಂದೇ ಸಲಕ್ಕೆ ಹಿಂದಕ್ಕೆ ಬಿಟ್ಟು ಗೋದಾಮಿನ ಕಟ್ಟೆಗೆ ಬೆರಳು ತೂರದಷ್ಟು ಹತ್ತಿರ ತಂದು ನಿಲ್ಲಿಸುತ್ತಿದ್ದ. ಅದನ್ನು ನೋಡಿಯೇ ಅವಳು ಮನಸೋತದ್ದು. ಮುಂದೆ ಎಷ್ಟೋ ವರ್ಷಗಳ ನಂತರ, ಯಾವುದೋ ನಿಲ್ದಾಣದ ಅಂಗಳದಲ್ಲಿ ನಾಲ್ಕನೇ ಸುತ್ತು ಹಾಕುವಾಗ, ಆ ದಿನಗಳನ್ನು ನೆನೆದು ಅವಳು ಹಲ್ಲು ಕಡಿಯುತ್ತಿದ್ದಳು. "ಇವರ ರಿವರ್ಸು ನೋಡಿ ಮದುವೆಯಾದೆ. ಈಗ ನೋಡು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ" ಎಂದು ಮಗಳಿಗೆ ಫೋನಿನಲ್ಲಿ ಹೇಳಿಕೊಳ್ಳುವಳು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಅಮ್ಮನ ಕರೆ ಬಂದರೆ ಸಾಕು, "ಇವತ್ತು ಎಷ್ಟು ಸುತ್ತು?" ಎಂದೇ ಫೋನೆತ್ತುವಳು.

ಆ ಬುದ್ಧಿ ಬಂದದ್ದು ಪೆಟ್ಟು ಬಿದ್ದ ಮೇಲೆ. ಒಂದು ಮಧ್ಯಾಹ್ನ ಊಟ ಮುಗಿಸಿ, ಸಾಲಿನ ಕೊಟ್ಟಕೊನೆಯ ಜಾಗದಲ್ಲಿ ಲಾರಿ ನಿಲ್ಲಿಸಿ, ಅವನು ಕ್ಯಾಬಿನ್ನಿನಲ್ಲಿ ಒರಗಿದ್ದ. ತಿರುವಿನಲ್ಲಿ ತಿರುಗಿಸಿಕೊಳ್ಳುತ್ತಿದ್ದ ಇನ್ನೊಂದು ಉದ್ದನೆಯ ಗಾಡಿಯ ಬಾಲ ಅಗಲವಾಗಿ ಬೀಸಿ ಬಂದು ಬಾಗಿಲಿಗೆ ಬಡಿಯಿತು. ಬಾಗಿಲು ಒಳಕ್ಕೆ ಮಡಿಚಿಕೊಂಡು ಅವನ ಬಲಭುಜ ನುಜ್ಜುಗುಜ್ಜಾಯಿತು. ಆಸ್ಪತ್ರೆ, ಆಪರೇಷನ್ನು, ಮನೆಯಲ್ಲಿ ತಿಂಗಳುಗಟ್ಟಲೆ ಎಣ್ಣೆ ತಿಕ್ಕುವುದು ಎಲ್ಲ ಆಯಿತು. ಕೈ ಏನೋ ಆಡುವ ಹಾಗಾಯಿತು. ಉದ್ದದ ದಾರಿ ಬೇಡ, ಸ್ವಲ್ಪ ಸ್ವಲ್ಪ ಓಡಿಸಿ ನೋಡಿ ಎಂದು ಡಾಕ್ಟರು ಹೇಳಿಯೂ ಆಯಿತು. ಆದರೆ ಅವನು ಸ್ಟೇರಿಂಗ್ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಲಾರಿಯನ್ನು ಒರೆಸುವನು, ಟೈರು ಒದ್ದು ನೋಡುವನು, ಮತ್ತೆ ಒಳಗೆ ಬಂದು ಕೂರುವನು. ಮನೆಯ ಮುಂದೆ ನಿಂತ ಲಾರಿಯ ಬಾನೆಟ್ಟಿನ ಮೇಲೆ ಬೀದಿಯ ಬೆಕ್ಕುಗಳು ಸಂಸಾರ ಹೂಡಿದವು. ಒಂದು ದಿನ ಅತ್ತಿಗೆ ಬೆಕ್ಕುಗಳನ್ನು ಓಡಿಸಿ, "ನಾನು ದೊಡ್ಡ ಲೈಸೆನ್ಸ್ ತಗೋತೀನಿ" ಎಂದಳು. ಅವನು ಮಾರನೆಯ ದಿನ ಪಕ್ಕದ ಸೀಟಿನಲ್ಲಿ ಕೂತು ಕಲಿಸತೊಡಗಿದ.

ಕಲಿಸುವುದರಲ್ಲಿ ಅವನನ್ನು ಮೆಚ್ಚಬೇಕು. ಒಂದು ದಿನವೂ ದನಿ ಏರಿಸಲಿಲ್ಲ. ರಸ್ತೆಯ ಮೇಲೆ ಅವಳ ಕೈಯಲ್ಲಿ ಸ್ಟೇರಿಂಗ್ ಇದ್ದರೆ ನೆಮ್ಮದಿಯಾಗಿ ಗೊರಕೆ ಹೊಡೆಯುವಷ್ಟು ನಂಬಿಕೆ. ಗೋಳು ಶುರುವಾಗುತ್ತಿದ್ದುದು ಸಂಜೆಗೆ, ಗಾಡಿ ನಿಲ್ಲಿಸುವ ಹೊತ್ತಿಗೆ. ನಿಲ್ದಾಣದ ಗೇಟು ಕಂಡ ಕೂಡಲೇ ಆ ಗೊರಕೆ ಯಾರೋ ಸ್ವಿಚ್ಚು ಒತ್ತಿದ ಹಾಗೆ ನಿಲ್ಲುವುದು. ಅವನು ನೆಟ್ಟಗೆ ಕೂತು, ಗಾಜು ಇಳಿಸಿ, ಕತ್ತು ಹೊರಗೆ ಹಾಕುವನು.

ಎಲ್ಲ ಚಾಲಕರಿಗೂ ಅವರವರ ಪಾಡಿಗೆ ಒಂದು ಹಟ ಇರುತ್ತದೆ. ಕೆಲವರಿಗೆ ಕ್ಯಾಂಟೀನಿನ ಬಾಗಿಲೆದುರೇ ಬೇಕು, ಕೆಲವರಿಗೆ ಗೆಳೆಯನ ಪಕ್ಕವೇ ಬೇಕು, ಕೆಲವರು ಮೂತಿ ಹೊರಗೆ ಮಾಡಿ ನಿಲ್ಲಿಸದಿದ್ದರೆ ನಿದ್ದೆಯೇ ಬಾರದವರು. ಸುತ್ತಣ್ಣನಿಗೆ ಇವೆಲ್ಲವೂ ಇದ್ದವು, ಜೊತೆಗೆ ಅವನವೇ ಆದವು ಬೇರೆ. ಸಾಲಿನ ಕೊನೆಯ ಜಾಗವಂತೂ ಸತ್ತರೂ ಬೇಡ. ಅದನ್ನು ಯಾರೂ ತಪ್ಪೆನ್ನುವ ಹಾಗಿಲ್ಲ. ಆದರೆ ಮೀನು, ಹಾಲು ಸಾಗಿಸುವ ಫ್ರಿಜ್ ಲಾರಿಯ ಪಕ್ಕ ಬೇಡ, ಅದರ ಮೋಟರು ಬೆಳಗಿನ ತನಕ ಗುರ್ ಎನ್ನುತ್ತದೆ. ದನದ ಲಾರಿ ಗಾಳಿಯ ಕಡೆಗಿದ್ದರೆ ಬೇಡ. ಮರದ ಕೆಳಗೆ ಹಕ್ಕಿ ಗಲೀಜು ಮಾಡುತ್ತವೆ. ದೀಪದ ಕಂಬದ ಹತ್ತಿರ ಬೆಳಕು ಕಣ್ಣಿಗೆ ಹೊಡೆಯುತ್ತದೆ. ದೀಪ ಇಲ್ಲದ ಕಡೆ ಡೀಸೆಲ್ ಕದಿಯುತ್ತಾರೆ. ಇಷ್ಟಾಗಿ ಒಂದು ಜಾಗ ಒಪ್ಪಿಗೆಯಾದರೆ, ಅಕ್ಕಪಕ್ಕದ ಲಾರಿಗಳ ಬಂಪರ್ ನೋಡಬೇಕು. ಬಂಪರ್ ಚಪ್ಪಟೆಯಾಗಿದ್ದರೆ ಆ ಚಾಲಕ ಅಷ್ಟಕ್ಕಷ್ಟೇ.

"ಮಗಳಿಗೆ ಗಂಡು ನೋಡುವಾಗ್ಲೂ ನೀವು ಇಷ್ಟು ವಿಚಾರಿಸಿರ್ಲಿಲ್ಲ" ಎಂದು ಅವಳು ಒಮ್ಮೆ ಅಂದಳು.

"ಅಳಿಯ ಬಂದು ನಮ್ಮ ಮೈಮೇಲೆ ಬೀಳಲ್ಲ ಕಣೇ" ಎಂದ ಅವನು, ಮುಂದಿನ ಸಾಲಿನತ್ತ ಕೈ ತೋರಿಸುತ್ತಾ.

ಫೋರ್ಕ್‌ಲಿಫ್ಟ್ ಓಡಿಸಿದವಳಿಗೆ ಇದನ್ನು ಸಹಿಸುವುದು ಹೇಗೆ? ಗೋದಾಮಿನಲ್ಲಿ ನೆಲದ ಮೇಲೆ ಹಳದಿ ಗೆರೆ ಎಳೆದಿರುತ್ತದೆ. ಗೆರೆಯೊಳಗೆ ಪೆಟ್ಟಿಗೆ ಇಟ್ಟರೆ ಕೆಲಸ ಮುಗಿಯಿತು. ಪಕ್ಕದ ಪೆಟ್ಟಿಗೆ ಯಾರ ಪೈಕಿ, ಅದರ ನಡತೆ ಹೇಗೆ ಎಂದು ಯಾರೂ ಕೇಳುವುದಿಲ್ಲ. ಇಲ್ಲಿಯೂ ಗೆರೆ ಇದೆ, ಜಾಗ ಖಾಲಿ ಇದೆ, ಇವಳಿಗೆ ಸೊಂಟ ಬಿದ್ದುಹೋಗುತ್ತಿದೆ. "ಬೇಡ, ಮುಂದೆ ನೋಡೋಣ" ಎನ್ನುತ್ತದೆ ಪಕ್ಕದ ಸೀಟು. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಬೇಡವೆಂದ ಜಾಗದಲ್ಲಿ ಇನ್ಯಾರೋ ನಿಲ್ಲಿಸಿ, ಕೈಕಾಲು ತೊಳೆದು, ಟೀ ಕುಡಿಯುತ್ತಾ ಇವರನ್ನೇ ನೋಡುತ್ತಿರುತ್ತಾನೆ. ಹೊಟ್ಟೆ ಉರಿಯುವುದಿಲ್ಲವೇ? ಬೈಗುಳ ಗಂಟಲ ತನಕ ಬರುತ್ತಿತ್ತು. ಅಷ್ಟರಲ್ಲಿ ಆ ಭುಜ ಕಣ್ಣಿಗೆ ಬೀಳುತ್ತಿತ್ತು. ಒಂದು ಕಡೆ ತುಸು ಜಗ್ಗಿದ, ಅಂಗಿಯ ಹೊಲಿಗೆ ಕೂಡ ನೆಟ್ಟಗೆ ಕೂರದ ಭುಜ. ಬೈಗುಳ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇದು ಇನ್ನೂ ದೊಡ್ಡ ಹಿಂಸೆ. ಬಾಯಿಬಿಟ್ಟು ಬೈಯಲಾಗದ ಗಂಡನಿಗಿಂತ ಬೈಸಿಕೊಳ್ಳುವ ಗಂಡನೇ ವಾಸಿ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು.

ಅವಳಿಗೂ ನಿಲ್ಲಿಸುವ ಜಾಗದ ಬಗ್ಗೆ ಒಂದೇ ಒಂದು ಬೇಡಿಕೆ ಇತ್ತು. ಶೌಚಾಲಯ ಹತ್ತಿರವಿರಬೇಕು, ದಾರಿಯಲ್ಲಿ ಬೆಳಕಿರಬೇಕು. ಆ ನಿಲ್ದಾಣಗಳೆಲ್ಲ ಗಂಡಸರಿಗಾಗಿ ಕಟ್ಟಿದವು. ಹೆಂಗಸರ ಬಾಗಿಲು ಅಂತ ಒಂದೇ ಒಂದು ಇರುತ್ತಿತ್ತು, ಅದೂ ಕ್ಯಾಂಟೀನಿನ ಹಿಂದೆ. ಸುತ್ತಣ್ಣ ಆರಿಸುವ ಜಾಗವೋ ಯಾವಾಗಲೂ ದೂರದ ಗೋಡೆಯ ಕಡೆ, ಸದ್ದಿಲ್ಲದ ಮೂಲೆ. ಅಲ್ಲಿಂದ ಕ್ಯಾಂಟೀನಿಗೆ ಬರಬೇಕಾದರೆ ಎರಡು ಉದ್ದನೆಯ ಲಾರಿಗಳ ನಡುವಿನ ಸಂದಿಯಲ್ಲಿ ನಡೆಯಬೇಕು. ಸಂದಿಯಲ್ಲಿ ಯಾರಾದರೂ ಚಕ್ರಕ್ಕೆ ಮುಖ ಮಾಡಿ ನಿಂತಿರುತ್ತಾರೆ. ಇನ್ನು ಕೆಲವರು ಸುಮ್ಮನೆ ನಿಂತಿರುತ್ತಾರೆ. ಅವರನ್ನು ಕಂಡರೇ ಹೆಚ್ಚು ಭಯ. ಒಮ್ಮೆ ಒಬ್ಬ ಸಂದಿಗೆ ಅಡ್ಡಲಾಗಿ ಕಾಲು ಚಾಚಿ, ತೆಗೆಯದೆ ನಕ್ಕಿದ್ದ. ಅವಳು ಹಿಂದಿರುಗಿ ಬಂದು ಬೆಳಗಿನ ತನಕ ತಡೆದುಕೊಂಡಿದ್ದಳು. ಅಂದಿನಿಂದ ಅವಳು ಊಟದ ನಂತರ ನೀರು ಕುಡಿಯುವುದನ್ನೇ ಬಿಟ್ಟಳು. "ಹತ್ತಿರ ಎಲ್ಲಾದ್ರೂ ನಿಲ್ಲಿಸೋಣ ರೀ" ಎಂದು ಹೇಳುತ್ತಿದ್ದಳೇ ಹೊರತು ಯಾಕೆ ಎಂದು ಬಿಡಿಸಿ ಹೇಳಿರಲಿಲ್ಲ. ಹೇಳಿದರೆ ಈ ಮನುಷ್ಯ ತನ್ನ ಆ ಭುಜ ಇಟ್ಟುಕೊಂಡು ಯಾರ ಜೊತೆಯೋ ಜಗಳಕ್ಕೆ ಹೋದಾನು ಎಂಬ ದಿಗಿಲು. ಅವನು "ನಾಲ್ಕು ಹೆಜ್ಜೆ ನಡೆದ್ರೆ ಮೈಗೆ ಒಳ್ಳೇದು ಕಣೇ, ದಿನವಿಡೀ ಕೂತೇ ಇರ್ತೀಯ" ಎಂದು ಉಪದೇಶ ಮಾಡುತ್ತಿದ್ದ.

ನೀರು ಬಿಟ್ಟದ್ದರ ಫಲವಾಗಿ ಉರಿಮೂತ್ರ ಶುರುವಾಯಿತು. ಗುಳಿಗೆ ನುಂಗಿದರೆ ಹೋಗುವುದು, ಮತ್ತೆ ಬರುವುದು. ಮೂರನೇ ಸಲ ಹೋದಾಗ ಲೇಡಿ ಡಾಕ್ಟರು ಪೆನ್ನು ಕೆಳಗಿಟ್ಟರು.

"ಏನಮ್ಮಾ, ನೀರು ಕುಡೀರಿ ಅಂದ್ರೆ ವಿಷ ಕುಡೀರಿ ಅಂದ ಹಾಗೆ ಮುಖ ಮಾಡ್ತೀರಲ್ಲ! ಹೀಗೇ ಮುಂದುವರಿದ್ರೆ ಮೂತ್ರಪಿಂಡಕ್ಕೆ ಕುತ್ತು."

"ಆಯ್ತು ಡಾಕ್ಟ್ರೇ, ಕುಡೀತೀನಿ" ಎಂದು ಬಂದವಳು ಆ ವಾರವೇ ಮತ್ತೆ ಲಾರಿ ಹತ್ತಿದ್ದಳು. ಈ ಸಲ ನಿಜವಾಗಿಯೂ ಕುಡಿದಳು. ಬೆಳಿಗ್ಗೆಯಿಂದ ಬಾಟಲಿ ಖಾಲಿ ಮಾಡುತ್ತಾ, ನಡುವೆ ಎರಡು ಕಡೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸುತ್ತಾ ಬಂದಳು. ಮಧ್ಯಾಹ್ನ ದಾಟಿದ ಮೇಲೆ ರಸ್ತೆ ದುರಸ್ತಿಯ ಕಡೆ ಸಾಲುಗಟ್ಟಿ ನಿಲ್ಲಬೇಕಾಯಿತು. ಮುಂದೆ ಹೋಗುವಂತಿಲ್ಲ, ಇಳಿಯುವಂತಿಲ್ಲ. ಸಾಲು ಕರಗಿ, ನಿಲ್ದಾಣದ ಗೇಟು ಕಾಣುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು, ಅವಳ ಜೀವ ಬಾಯಿಗೆ ಬಂದಿತ್ತು. ಹೊಟ್ಟೆಯ ಕೆಳಗೆ ಬೆಂಕಿ ಇಟ್ಟ ಹಾಗೆ ಉರಿ.

ಗೇಟು ದಾಟಿದರು. ಸುತ್ತಣ್ಣ ನೆಟ್ಟಗೆ ಕೂತು ಗಾಜು ಇಳಿಸಿದ.

ಅದೃಷ್ಟಕ್ಕೆ ಮೊದಲನೇ ಸಾಲಿನಲ್ಲೇ, ಕ್ಯಾಂಟೀನಿಗೆ ಸಮೀಪ, ಒಂದು ಜಾಗ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಅತ್ತಿಗೆ ಇಂಡಿಕೇಟರ್ ಹಾಕಿದಳು.

"ಬೇಡ ಬೇಡ. ಫ್ರಿಜ್ ಲಾರಿ ನೋಡು ಪಕ್ಕದಲ್ಲಿ."

"ಇವತ್ತೊಂದಿನ ಇರ್ಲಿ ರೀ."

"ಒಂದಿನ ಅಂತೀಯ, ನಾಳೆ ನಿದ್ದೆಗೆಟ್ಟು ಸ್ಟೇರಿಂಗ್ ಹಿಡಿಯೋಳು ನೀನೇ ತಾನೆ? ಮುಂದೆ ನಡಿ."

ಎರಡನೇ ಸಾಲಿನಲ್ಲಿದ್ದ ಜಾಗ ಮರದ ಕೆಳಗಿತ್ತು. ಮೂರನೆಯದರಲ್ಲಿ ನಿಂತಿದ್ದ ಲಾರಿಯ ಬಂಪರ್ ಅವನಿಗೆ ಹಿಡಿಸಲಿಲ್ಲ. ನಾಲ್ಕನೆಯದು ಒಪ್ಪಿಗೆಯಾಗುವಷ್ಟರಲ್ಲಿ ಎದುರಿನಿಂದ ಬಂದ ಟ್ಯಾಂಕರೊಂದು ಸರ್ರನೆ ನುಗ್ಗಿಬಿಟ್ಟಿತು. ಮತ್ತೆ ಸುತ್ತಿ ಬಂದರೆ ಮೊದಲನೇ ಸಾಲಿನ ಜಾಗವೂ ಹೋಗಿತ್ತು. ಮರದ ಕೆಳಗಿನದೂ ಹೋಗಿತ್ತು. ಅತ್ತಿಗೆ ತುಟಿ ಕಚ್ಚಿ ಹಿಡಿದಿದ್ದಳು, ಹಣೆಯಲ್ಲಿ ಬೆವರು. ಮೂರನೇ ಸುತ್ತು ಮುಗಿದು ಲಾರಿ ಮತ್ತೆ ಕ್ಯಾಂಟೀನಿನ ಎದುರು ಬಂದಾಗ, ಸುತ್ತಣ್ಣ ಗಡ್ಡ ಕೆರೆಯುತ್ತಾ, "ಹಿಂದಿನ ಗೋಡೆ ಕಡೆ ಒಂದ್ಸಲ ನೋಡ್ಬಿಡೋಣ್ವಾ?" ಎಂದ.

ಅವಳು ಬ್ರೇಕು ಒತ್ತಿದಳು. ಅಷ್ಟು ದೊಡ್ಡ ಲಾರಿ ಅಂಗಳದ ನಟ್ಟನಡುವೆ, ನಾಲ್ಕು ಸಾಲುಗಳ ದಾರಿ ಕೂಡುವ ಕಡೆ, ಬುಸ್ ಎಂದು ನಿಂತಿತು. ಹ್ಯಾಂಡ್ ಬ್ರೇಕು ಎಳೆದಳು.

"ಇಲ್ಲಿ ಯಾಕೆ ನಿಲ್ಲಿಸಿದೆ?"

"ಇಳೀತೀನಿ."

"ನಡೂ ದಾರೀಲಾ? ತಲೆ ಕೆಟ್ಟಿದೆಯಾ ನಿಂಗೆ?"

"ಹೌದು ಕಣ್ರೀ, ಕೆಟ್ಟಿದೆ! ನಿಮ್ಮ ನಿದ್ದೆಗೆ ಜಾಗ ಹುಡುಕ್ತೀರಿ, ನಿಮ್ಮ ಭುಜಕ್ಕೆ ಜಾಗ ಹುಡುಕ್ತೀರಿ, ಹಕ್ಕಿಗೆ, ದನಕ್ಕೆ, ಡೀಸೆಲ್‌ಗೆ ಎಲ್ಲದಕ್ಕೂ ಹುಡುಕ್ತೀರಿ. ನನ್ನ ಉಚ್ಚೆಗೆ ಜಾಗ ಹುಡುಕೋರು ಯಾರು? ಹೇಳಿ! ಆ ಗೋಡೆ ಮೂಲೆಯಿಂದ ಕತ್ತಲೆ ಸಂದೀಲಿ ನಾನೊಬ್ಳೇ ನಡ್ಕೊಂಡು ಬರೋದು ನಿಮಗೇನು ಗೊತ್ತು? ಕಾಲು ಅಡ್ಡ ಹಾಕಿ ನಗೋರ ಮುಖ ನೀವು ನೋಡಿದ್ದೀರಾ? ವರ್ಷಾನುಗಟ್ಟಲೆ ಬಾಯಿಗೆ ನೀರು ಹಾಕದೆ ಬರ್ತಾ ಇದ್ದೀನಿ. ಮೂತ್ರಪಿಂಡ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಇಕೋ ಗಾಡಿ, ಇಕೋ ಕೀ. ಎಷ್ಟು ಸುತ್ತು ಬೇಕೋ ಸುತ್ತಿ!"

ಅವಳು ಬಾಗಿಲು ತೆರೆದು ಇಳಿದು, ಹಿಂತಿರುಗಿ ನೋಡದೆ ಓಡಿದಳು. ಗಾಜು ಇಳಿಸಿದ್ದರಿಂದ ಅವಳ ಮಾತು ಕ್ಯಾಂಟೀನಿನ ಬೆಂಚುಗಳ ತನಕ ಸ್ಪಷ್ಟವಾಗಿ ಕೇಳಿಸಿತ್ತು. ಟೀ ಲೋಟ ಹಿಡಿದು ಕೂತಿದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು.

ಒಳಗೆ ಚಿಲಕ ಹಾಕಿಕೊಂಡು ಕೂತಾಗ ಅವಳಿಗೆ ನೋವಿಗೆ ಅಳು ಬಂತೋ, ನೆಮ್ಮದಿಗೆ ಬಂತೋ ತಿಳಿಯಲಿಲ್ಲ. ಹೊರಗೆ ಹಾರನ್ನುಗಳು ಶುರುವಾದವು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಇಡೀ ಅಂಗಳವೇ ಕಿರುಚತೊಡಗಿತು. ನಡುವೆ ಕಾವಲುಗಾರನ ಸೀಟಿ. ಆ ನಿಲ್ದಾಣದ ಮುದುಕ ಕಾವಲುಗಾರನನ್ನು ಎಲ್ಲರೂ ಸೀಟಿ ತಾತ ಎನ್ನುತ್ತಿದ್ದರು. ಉಸಿರಾಡುವುದಕ್ಕಿಂತ ಹೆಚ್ಚು ಅವನು ಸೀಟಿ ಊದುತ್ತಿದ್ದ. "ಊದಲಿ" ಎಂದುಕೊಂಡಳು ಅತ್ತಿಗೆ. ನಿಧಾನವಾಗಿ ಮುಖ ತೊಳೆದಳು, ಕುತ್ತಿಗೆ ಒರೆಸಿಕೊಂಡಳು. ಜಡೆ ಬಿಚ್ಚಿ ಮತ್ತೆ ಹೆಣೆದಳು. ತಾನಾಗಿ ಹೋಗಿ ಆ ಲಾರಿ ತೆಗೆಯುವುದಿಲ್ಲ ಎಂದು ಕನ್ನಡಿಯೊಳಗಿನ ಹೆಂಗಸಿಗೆ ಖಂಡಿತವಾಗಿ ಹೇಳಿದಳು. ಯಾರ ಕೈಯಲ್ಲಾದರೂ ತೆಗೆಸಿಕೊಳ್ಳಲಿ, ಎತ್ತಿಸಿಕೊಳ್ಳಲಿ, ನನಗೇನು?

ಆಗ ಹಾರನ್ನುಗಳು ಒಂದೊಂದಾಗಿ ನಿಂತವು. ಅವಳು ಹೊರಗೆ ಓಡಿ ಬಂದಳು.

ಲಾರಿ ಚಲಿಸುತ್ತಿತ್ತು. ಸ್ಟೇರಿಂಗ್ ಹಿಂದೆ ಸುತ್ತಣ್ಣ.

ಅವನ ಮುಖ ಸುಣ್ಣದ ಹಾಗಿತ್ತು. ಎಡಗೈಯಿಂದ ಚಕ್ರ ತಿರುಗಿಸುತ್ತಾ, ಬಲಗೈಯನ್ನು ಅದರ ಮೇಲೆ ಬರೀ ಇಟ್ಟುಕೊಂಡಿದ್ದ. ಅಷ್ಟರಲ್ಲಿ ಖಾಲಿ ಉಳಿದಿದ್ದುದು ಒಂದೇ ಜಾಗ, ಸಾಲಿನ ಕೊಟ್ಟಕೊನೆಯದು. ಅದಕ್ಕೆ ಹಿಂದಕ್ಕೆ ಬಿಡಬೇಕಿತ್ತು. ಸುತ್ತಲೂ ಟೀ ಲೋಟ ಬಿಟ್ಟು ಎದ್ದು ಬಂದ ಚಾಲಕರು, ಒಬ್ಬೊಬ್ಬರದು ಒಂದೊಂದು ಕೂಗು. ಒಬ್ಬ "ಬಾ ಬಾ ಬಾ" ಎಂದರೆ ಇನ್ನೊಬ್ಬ "ಸಾಕು ಸಾಕು" ಎನ್ನುತ್ತಿದ್ದ. ಮತ್ತೊಬ್ಬ "ಅಣ್ಣಾ, ಲೆಫ್ಟು! ಆ ಲೆಫ್ಟಲ್ಲ, ಈ ಲೆಫ್ಟು!" ಎಂದು ಎರಡೂ ಕೈ ಬೀಸುತ್ತಿದ್ದ. ಸೀಟಿ ತಾತ ಎಲ್ಲರ ಮಾತಿಗೂ ಒಂದೊಂದು ಸೀಟಿ ಊದುತ್ತಿದ್ದ. ಲಾರಿ ಸ್ವಲ್ಪ ಹಿಂದೆ ಹೋಯಿತು, ನಿಂತಿತು, ಮುಂದೆ ಬಂತು. ಮತ್ತೆ ಹಿಂದೆ. ಗೋದಾಮಿನ ಕಟ್ಟೆಗೆ ಒಂದೇ ಸಲಕ್ಕೆ ತಂದು ನಿಲ್ಲಿಸುತ್ತಿದ್ದವನು ಈಗ ಹೊಸಬನ ಹಾಗೆ ತಡಕಾಡುತ್ತಿದ್ದ. ಅತ್ತಿಗೆಗೆ ಕೂಗಿ ಹೇಳಬೇಕು ಅನಿಸಿತು, ಹೋಗಿ ಇಳಿಸಬೇಕು ಅನಿಸಿತು. ಬಾಯಿ ಮುಚ್ಚಿ ನಿಂತಳು. ಕಡೆಗೆ ಲಾರಿ ಗೆರೆಯೊಳಗೆ ಸೇರಿತು. ಸ್ವಲ್ಪ ಸೊಟ್ಟಗೆ, ಆದರೂ ಯಾರ ಕನ್ನಡಿಗೂ ತಾಗದೆ.

ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಉಳಿದವರು ಅವನನ್ನು ಸುಮ್ಮನಾಗಿಸಿದರು.

ಸುತ್ತಣ್ಣ ಇಳಿದ. ಇಳಿದವನು ಅವಳ ಹತ್ತಿರ ಬರಲಿಲ್ಲ, ಕ್ಯಾಂಟೀನಿಗೂ ಬರಲಿಲ್ಲ. ಯಾರದೋ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಲಾರಿಯ ಮೂಲೆಯಲ್ಲಿ, ತಿರುವಿನ ಕಡೆಗೆ, ಕಾವಲಿಗೆ ಕೂತುಬಿಟ್ಟ. ಹೆಗಲ ಮೇಲಿನ ಕೆಂಪು ಟವಲನ್ನು ಕೈಯಲ್ಲಿ ಹಿಡಿದುಕೊಂಡ. ಯಾವುದೇ ಗಾಡಿ ತಿರುಗಲು ಬಂದರೆ ಎದ್ದು ನಿಂತು ಟವಲು ಬೀಸುವುದು, ಅದು ಹೋದ ಮೇಲೆ ಮತ್ತೆ ಕೂರುವುದು.

ಅತ್ತಿಗೆ ಎರಡು ಟೀ ಹಿಡಿದು ಹೋದಳು. ಪಿತ್ತ ಇನ್ನೂ ನೆತ್ತಿಯಲ್ಲೇ ಇತ್ತು.

"ಇದೇನ್ರೀ ಅವತಾರ? ಬೆಳಗಿನ ತನಕ ಹೀಗೇ ಕೂರ್ತೀರಾ?"

"ನೀನು ಒಳಗೆ ಮಲಗ್ತೀಯಲ್ಲ" ಎಂದ ಅವನು. "ಈ ಕೊನೇ ಜಾಗದಲ್ಲಿ ನೀನು ಮಲಗಿರೋವಾಗ ನನಗೆ ನಿದ್ದೆ ಬರುತ್ತಾ?"

ಅವಳು ಟೀ ಕೊಟ್ಟಳು. ಅವನು ಲೋಟ ತೆಗೆದುಕೊಂಡ.

"ಯಾರು ಕಾಲು ಅಡ್ಡ ಹಾಕಿದ್ದು?"

"ಯಾರೋ. ಯಾವಾಗಲೋ. ಈಗ ಎಲ್ಲಿ ಹುಡುಕ್ತೀರಿ ಅವನನ್ನ?"

"ನಂಗೆ ಹೇಳಬಾರದಿತ್ತಾ?"

"ಹೇಳಿದ್ದೆ. ದಿನಾ ಹೇಳ್ತಿದ್ದೆ, ಹತ್ತಿರ ನಿಲ್ಲಿಸಿ ಅಂತ."

"ಅದು ನಡೆಯೋಕೆ ಸೋಮಾರಿತನ ಅಂದ್ಕೊಂಡೆ."

"ದಿನವಿಡೀ ಲಾರಿ ಓಡಿಸೋಳಿಗೆ ಸೋಮಾರಿತನ!" ಅವಳ ದನಿ ಮತ್ತೆ ಏರಿತು. ಅವನು ತಲೆ ತಗ್ಗಿಸಿ ಟೀ ಊದಿದ. ಅವಳು ಪಕ್ಕದಲ್ಲಿ ಬಿದ್ದಿದ್ದ ಹಳೇ ಟೈರಿನ ಮೇಲೆ ಕೂತಳು. ಇಬ್ಬರೂ ತಿರುವನ್ನೇ ನೋಡುತ್ತಾ ಕೂತರು.

ಹೀಗಿರುವಾಗ ಮೊದಲನೇ ಸಾಲಿನಿಂದ ಒಬ್ಬ ಧಡೂತಿ ಆಳು ಲುಂಗಿ ಎತ್ತಿ ಕಟ್ಟಿಕೊಂಡು ನಡೆದು ಬಂದ. ಫ್ರಿಜ್ ಲಾರಿಯ ಚಾಲಕ. ಅವನನ್ನು ಎಲ್ಲರೂ ಐಸ್‌ಕ್ಯಾಂಡಿ ಎನ್ನುತ್ತಿದ್ದರು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಒಂದು ಮಾತು ಕೇಳ್ಲಾ?" ಎಂದ. "ಈ ಜಾಗ ನಂಗೆ ಕೊಡ್ತೀರಾ? ನನ್ನ ಜಾಗ ನೀವು ತಗೊಳ್ಳಿ."

"ಇದು ಕೊನೇದು ಕಣಪ್ಪಾ" ಎಂದ ಸುತ್ತಣ್ಣ, ಬಾವಿಗೆ ಹಾರುತ್ತೇನೆ ಎಂದವನನ್ನು ತಡೆಯುವ ಹಾಗೆ. "ತಿರುಗೋ ಗಾಡಿಗಳು ತಾಗ್ತವೆ."

"ತಾಗಲಿ ಬಿಡಣ್ಣ. ನನ್ನ ಕ್ಯಾಬಿನ್ನು ಎತ್ತರ, ಜೊತೆಗೆ ನಾನು ಮಲಗೋದು ಆ ಕಡೆಗೆ. ನಂಗೆ ಒಂದು ಪಕ್ಕದಲ್ಲಾದ್ರೂ ಯಾರೂ ಇರಬಾರ್ದು ಅಷ್ಟೇ. ಎಲ್ಲಿ ನಿಲ್ಲಿಸಿದ್ರೂ ಜನ ಬಂದು ಬಾಗಿಲು ತಟ್ತಾರೆ. ಮೋಟರು ಆಫ್ ಮಾಡು, ನಿದ್ದೆ ಬರಲ್ಲ ಅಂತಾರೆ. ಒಳಗಿರೋ ಮೀನು ಕೊಳೆತ್ರೆ ನನ್ನ ಕೆಲಸ ಹೋಗುತ್ತೆ. ಬೈಸ್ಕೊಂಡೂ ಬೈಸ್ಕೊಂಡೂ ಸಾಕಾಗಿದೆ. ಇವತ್ತೇ ನಿಮ್ಮ ಗಾಡಿ ನನ್ನ ಪಕ್ಕ ಇಂಡಿಕೇಟರ್ ಹಾಕಿ, ಅಣ್ಣ ಕೈ ಬೀಸಿ ಮುಂದೆ ಹೋಗಿದ್ದು ನೋಡ್ದೆ. ನೋಡಿ ನೋಡಿ ಅಭ್ಯಾಸ ಆಗಿದೆ."

ಸುತ್ತಣ್ಣನ ಕಿವಿ ಕೆಂಪಾಯಿತು. ಅತ್ತಿಗೆಗೆ ನಗು ಬಂತು, ಬೇಕೆಂದೇ ನಗಲಿಲ್ಲ.

ಅದಲುಬದಲು ನಡೆಯಿತು. ಈ ಸಲ ಸ್ಟೇರಿಂಗ್ ಹಿಡಿದವಳು ಅವಳೇ. ಒಂದೇ ಸಲಕ್ಕೆ ಹಿಂದಕ್ಕೆ ಬಿಟ್ಟು ಗೆರೆಯ ಮಧ್ಯೆ ಕೂರಿಸಿದಳು. ಶೌಚಾಲಯ ಹತ್ತೇ ಹೆಜ್ಜೆ, ದಾರಿಯಲ್ಲಿ ಕ್ಯಾಂಟೀನಿನ ಬೆಳಕು. ಇಂಜಿನ್ ಆರಿಸಿ ಅವಳು ಉಸಿರು ಬಿಡುವುದಕ್ಕೂ ಸುತ್ತಣ್ಣ ಮೂಗು ಏರಿಸುವುದಕ್ಕೂ ಸರಿಹೋಯಿತು.

"ಕ್ಯಾಂಟೀನ್ ಅಡುಗೆಮನೆ ಕಿಟಕಿ ಇಲ್ಲೇ ಇದೆ ಅಲ್ವಾ? ಒಗ್ಗರಣೆ ಘಾಟು…"

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು.

"ಇರ್ಲಿ ಇರ್ಲಿ. ಹಸಿವಾಗುತ್ತೆ, ಒಳ್ಳೇದೇ" ಎಂದು ಅವನು ಗಾಜು ಏರಿಸಿದ.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸರಿಹೋದದ್ದು ಎರಡು. ಅತ್ತಿಗೆ ನೀರು ಕುಡಿಯತೊಡಗಿದಳು, ಉರಿ ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ಮತ್ತೆ, ನಿಲ್ದಾಣದ ಗೇಟಿನಲ್ಲಿ ಸ್ಟೇರಿಂಗ್ ಕೈ ಬದಲಾಗತೊಡಗಿತು. ಇದನ್ನು ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿದ್ದಲ್ಲ. ಮುಂದಿನ ನಿಲ್ದಾಣದ ಗೇಟಿನಲ್ಲಿ ಅವನು "ನೀನು ಇಳಿ, ಹೋಗಿ ಬಾ. ನಾನು ನಿಲ್ಲಿಸ್ತೀನಿ" ಎಂದ. ಅವಳು ಒಂದು ಗಳಿಗೆ ಅವನ ಕೈ ನೋಡಿ ಇಳಿದಳು. ಹೆದ್ದಾರಿಯಲ್ಲಿ ಅವನು ಇವತ್ತಿಗೂ ಓಡಿಸುವುದಿಲ್ಲ. ಅಂಗಳದೊಳಗೆ ಮಾತ್ರ ಓಡಿಸುತ್ತಾನೆ. ಭುಜಕ್ಕೆ ಅಷ್ಟೇ ಸಾಕು ಎನ್ನುತ್ತಾನೆ. ಭುಜಕ್ಕೋ ಮನಸ್ಸಿಗೋ ಅವಳು ಕೇಳಲಿಲ್ಲ.

ಸರಿಹೋಗದ್ದು ಸುತ್ತು. ಅದು ಹೆಚ್ಚೇ ಆಯಿತು. ಮುಂಚೆ ಅವನ ಲೆಕ್ಕದಲ್ಲಿ ಹಕ್ಕಿ, ದನ, ದೀಪ, ಬಂಪರ್ ಇದ್ದವು. ಈಗ ಹೆಂಗಸರ ಬಾಗಿಲೂ ಸೇರಿತು. ಅದಕ್ಕೆ ಚಿಲಕ ಗಟ್ಟಿ ಇದೆಯೇ, ದಾರಿಯ ಬಲ್ಬು ಉರಿಯುತ್ತದೆಯೇ ಎಂದು ಗಾಡಿಯಿಂದ ಕತ್ತು ಹೊರಗೆ ಹಾಕಿ ಅಲ್ಲಿ ಕಸ ಗುಡಿಸುವವಳನ್ನು ವಿಚಾರಿಸುವನು. ಬಲ್ಬು ಇಲ್ಲದಿದ್ದರೆ ಅಲ್ಲಿನ ಮ್ಯಾನೇಜರ್ ಜೊತೆ ಜಗಳ. ಒಂದು ನಿಲ್ದಾಣದಲ್ಲಿ ಹಾಗೆ ಜಗಳವಾಡಿ ಬಲ್ಬು ಹಾಕಿಸಿಯೂ ಬಿಟ್ಟ. ಹಾಕಿದ ಮೇಲೆ, ಅದರ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಲಾರಿಯನ್ನು ಇನ್ನೊಂದು ಸಾಲಿಗೆ ಒಯ್ದ.

ಮೊನ್ನೆ ಮಗಳು ಫೋನು ಮಾಡಿದಾಗ ಅತ್ತಿಗೆ ಕ್ಯಾಂಟೀನಿನ ಬೆಂಚಿನ ಮೇಲೆ ಕೂತಿದ್ದಳು. ಮುಖ ತೊಳೆದಾಗಿತ್ತು, ತಲೆ ಬಾಚಿಕೊಂಡಾಗಿತ್ತು, ಎರಡನೇ ಟೀ ಮುಗಿಯುತ್ತಾ ಬಂದಿತ್ತು.

"ಅಪ್ಪ ಎಲ್ಲಮ್ಮಾ?"

"ನಿಲ್ಲಿಸ್ತಾ ಇದ್ದಾರೆ."

"ನೀನು ಬಂದು ಎಷ್ಟೊತ್ತಾಯ್ತು?"

ಅತ್ತಿಗೆ ಉತ್ತರ ಹೇಳುವ ಮೊದಲೇ ಅವರ ಲಾರಿ ಮೆಲ್ಲಗೆ ಎದುರಿಗೆ ಹಾದುಹೋಯಿತು. ಸುತ್ತಣ್ಣ ಅವಳ ಕಡೆ ನೋಡಲೂ ಇಲ್ಲ. ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಹುಬ್ಬು ಗಂಟಿಕ್ಕಿ, ಯಾರದೋ ಬಂಪರ್ ಪರೀಕ್ಷೆ ಮಾಡುತ್ತಿದ್ದ. ಹಿಂದೆ ಮೂರು ಲಾರಿಗಳು ಹಾರನ್ನು ಹೊಡೆಯುತ್ತಿದ್ದವು.

"ರೀ! ಅಲ್ಲೇ ಇದೆಯಲ್ರೀ ಜಾಗ, ಎದುರಿಗೇ!" ಎಂದು ಅವಳು ಎದ್ದು ನಿಂತು ಕಿರುಚಿದಳು.

ಲಾರಿ ಆ ಜಾಗವನ್ನೂ ದಾಟಿ ಮುಂದಿನ ಸಾಲಿಗೆ ತಿರುಗಿತು. ಅತ್ತಿಗೆ ಹಣೆ ಚಚ್ಚಿಕೊಂಡು ಕೂತು, ಇನ್ನೊಂದು ಟೀ ಹೇಳಿದಳು.